ಗೋಣಿಚೀಲದ ತೂಕ

ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಕೊಡಗಿನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಹೊರಗಿನವರಿಗೋಸ್ಕರ ಹೇಳ್ತೀನಿ, ರೈಟರ್ ಅಂದ್ರೆ ತೋಟದ ಹಾಜರಿ ಬುಕ್ಕು, ಬಟವಾಡೆ ಲೆಕ್ಕ, ಗೊಬ್ಬರದ ಸ್ಟಾಕು, ಕುಯ್ಲು ಟೈಮಲ್ಲಿ ಹಣ್ಣಿನ ತೂಕ ಇದೆಲ್ಲ ನೋಡ್ಕೊಳ್ಳೋನು. ನವೆಂಬರ್ ಕೊನೇಲಿ ಅರೇಬಿಕಾ ಶುರುವಾದ್ರೆ ಆಮೇಲೆ ರೋಬಸ್ಟಾ, ಮಾರ್ಚ್‌ವರೆಗೂ ನಮಗೆ ಉಸಿರಾಡೋಕೂ ಪುರುಸೊತ್ತಿರಲ್ಲ. ಬೆಳಿಗ್ಗೆಯಿಂದ ಕುಯ್ದ ಹಣ್ಣನ್ನ ಸಂಜೆ ಗೋಣಿಚೀಲದಲ್ಲಿ ತುಂಬ್ಕೊಂಡು, ತಲೆ ಮೇಲೆ ಹೊತ್ಕೊಂಡು ಕಣಕ್ಕೆ ಬರ್ತಾರೆ, ತೂಕದ ಮೆಷಿನ್ ಮುಂದೆ ಸಾಲು ನಿಲ್ತಾರೆ, ನಾನು ತೂಕ ನೋಡಿ ಬುಕ್ಕಲ್ಲಿ ಬರೀತೀನಿ. ಕೆ.ಜಿ. ಲೆಕ್ಕದಲ್ಲಿ ಕೂಲಿ, ಹಾಗಾಗಿ ನಾನು ಬರೆದಿದ್ದೇ ಅವರ ಸಂಬಳ.

ಎರಡು ವರ್ಷದ ಹಿಂದೆ ಜನವರಿ ಕೊನೆ ವಾರದ ಒಂದು ಸಂಜೆ. ಜಾರ್ಖಂಡ್ ಕಡೆಯಿಂದ ಬಂದಿದ್ದ ಒಂದು ಟೀಮ್ ಆ ಸಲ ಹೊಸದು, ಲೈನ್ ಮನೆಗೆ, ಅಂದ್ರೆ ತೋಟದ ಕೂಲಿಯವರ ಸಾಲು ಮನೆಗೆ, ಬಂದು ನಾಲ್ಕೈದು ದಿನ ಆಗಿತ್ತು ಅಷ್ಟೇ. ಅದರಲ್ಲಿ ಒಬ್ಬಾಕೆ, ವಯಸ್ಸು ಮೂವತ್ತೈದು ಇರಬಹುದು, ಕತ್ತಲ್ಲಿ ಕಪ್ಪು ದಾರ, ದಾರಕ್ಕೊಂದು ಮರದ ಶಿಲುಬೆ. ಚೀಲ ಇಳಿಸಿದಳು, ಬೆವರು ಒರೆಸ್ಕೊಂಡಳು, ನನ್ನ ಟೇಬಲ್ ಹಿಂದೆ ಗೋಡೇಲಿ ನೇತಾಕಿರೋ ನಮ್ಮ ಚರ್ಚ್ ಸಭೆಯ ಕ್ಯಾಲೆಂಡರ್ ಕಡೆ ಕಣ್ಣು ಹೋಯ್ತು, ಅದರಲ್ಲಿ ಕುರುಬನ ಚಿತ್ರ ಇತ್ತು, ಹೆಗಲ ಮೇಲೆ ಕುರಿ ಹೊತ್ತಿರೋದು. ಆಕೆ ಮುಖ ಅರಳಿತು ಅಂದ್ರೆ ಹೇಗೆ ಹೇಳಲಿ, ಊರು ಬಿಟ್ಟು ಅಷ್ಟು ದೂರ ಬಂದೋಳಿಗೆ ಒಂದು ಗುರುತಿನ ಮುಖ ಸಿಕ್ಕಂಗೆ. ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿ 'ಜೈ ಯೇಸು' ಅಂದಳು. ನಾನೂ 'ಜೈ ಯೇಸು' ಅಂದೆ. ಮೆಷಿನ್‌ನಲ್ಲಿ 49 ಕೆ.ಜಿ. ತೋರಿಸ್ತಿತ್ತು. ನಾನು ಬುಕ್ಕಲ್ಲಿ 47 ಅಂತ ಬರೆದೆ.

ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಈ ಎರಡು ಕೆ.ಜಿ. ಕತೆ ಏನು ಅಂತ ಹೇಳ್ತೀನಿ. ಅದು ಚೀಲದ ತೂಕ ಅಂತ ಕಟ್ ಮಾಡೋದು. ನಾನು ಕೆಲಸಕ್ಕೆ ಸೇರಿದಾಗಲೇ ಹಳೇ ರೈಟರ್ ಹೇಳ್ಕೊಟ್ಟಿದ್ರು, ಚೀಲಕ್ಕೆ ಎರಡು ಕೆ.ಜಿ. ಹಿಡಿ, ಎಲ್ಲಾ ಕಡೆನೂ ಹಂಗೇನೆ, ಯಾರೂ ಕೇಳಲ್ಲ ಅಂತ. ಬರೀ ಗೋಣಿಚೀಲ ತೂಕ ಹಾಕಿದ್ರೆ 800 ಗ್ರಾಂ, ಸ್ವಲ್ಪ ಒದ್ದೆಯಾಗಿದ್ರೆ 900. ಉಳಿದಿದ್ದು ಯಾರದು? ನಾನೊಂದಿನ ಕೂತು ಲೆಕ್ಕ ಹಾಕಿದೆ, ದಿನಕ್ಕೆ ಸುಮಾರು 100 ಚೀಲ, ಚೀಲಕ್ಕೆ 1 ಕೆ.ಜಿ. 200 ಗ್ರಾಂ ಅಂದ್ರೆ 120 ಕೆ.ಜಿ., ಕೆ.ಜಿ.ಗೆ 5 ರೂಪಾಯಿ ಅಂದ್ರೆ ದಿನಕ್ಕೆ 600 ರೂಪಾಯಿ. 40 ಜನಕ್ಕೆ ಹಂಚಿದ್ರೆ ಒಬ್ಬರಿಗೆ 15 ರೂಪಾಯಿ. ಹದಿನೈದು ರೂಪಾಯಿಗೆ ಯಾರು ಜಗಳ ಆಡ್ತಾರೆ, ಅದೇ ಇದರ ಉಪಾಯ. ಐವತ್ತು ದಿನದ ಕುಯ್ಲಿಗೆ ಒಬ್ಬರ ಕೈಯಿಂದ 750 ರೂಪಾಯಿ ಹೋಗುತ್ತೆ, ಎಲ್ಲಾ ಸೇರಿ 30,000. ಅದರಲ್ಲಿ ಒಂದು ಪೈಸೆನೂ ನನ್ನ ಜೇಬಿಗೆ ಬರ್ತಿರಲಿಲ್ಲ, ತೋಟಕ್ಕೇ ಹೋಗ್ತಿತ್ತು, ಆದ್ರೆ ಬರೀತಿದ್ದ ಕೈ ನಂದು. ಒಂಬತ್ತು ಸೀಸನ್ ಹಾಗೇ ಬರೆದೆ. ಒಂಬತ್ತು ಸೀಸನ್‌ನಲ್ಲಿ ಪ್ರತಿ ಭಾನುವಾರ ಆರಾಧನೆಗೂ ಹೋದೆ, ಕರ್ತನ ಭೋಜನದಲ್ಲಿ ರೊಟ್ಟಿಗೂ ಅದೇ ಕೈ ಚಾಚಿದೆ.

ನಮ್ಮಜ್ಜಿ ಕಡೆಯವರು ಆನಂದಪುರದ ಸಭೆಯವರು, ಅಮ್ಮತ್ತಿ ಹತ್ರ. ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಮಿಶನರಿ ಸಂಸ್ಥೆಯ ಹರ್ಮನ್ ಮೊಗ್ಲಿಂಗ್ ಅಂದ್ರೆ ಎಲ್ಲರಿಗೂ 1843ರ ಮಂಗಳೂರ ಸಮಾಚಾರ ನೆನಪಾಗುತ್ತೆ, ಕನ್ನಡದ ಮೊದಲ ಪತ್ರಿಕೆ ಅಂತ ಶಾಲೇಲಿ ಓದಿರ್ತೀವಲ್ಲ, ಆದ್ರೆ ಅವರು 1853ರಲ್ಲಿ ಕೊಡಗಿಗೆ ಬಂದು ಇಲ್ಲಿ ಕೆಲವು ವರ್ಷ ಇದ್ರು ಅನ್ನೋದು ಇಲ್ಲಿಯವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆನಂದಪುರ ಹುಟ್ಟಿದ್ದು ಅವರಿಂದಲೇ. ಅಲ್ಲಿ ಸಭೆಗೆ ಸೇರಿದೋರಲ್ಲಿ ಬಹಳ ಜನ ಒಡೆಯರ ಗದ್ದೇಲಿ ತಲೆತಲಾಂತರದಿಂದ ಜೀತ ಮಾಡ್ತಿದ್ದೋರು, ನಮ್ಮಜ್ಜಿಯ ಹಿರಿಯರೂ ಅವರೇ. ಈ ವಿಷಯ ನಮ್ಮಲ್ಲೇ ಕೆಲವರು ಮುಚ್ಚಿಡ್ತಾರೆ, ನಾನು ಮುಚ್ಚಿಡಲ್ಲ, ನನಗೆ ಅದರಲ್ಲಿ ನಾಚಿಕೆ ಏನೂ ಇಲ್ಲ.

ಅಜ್ಜಿ ಒಂದು ಮಾತು ಹೇಳ್ತಿದ್ರು, ಅವರಿಗೆ ಅವರಜ್ಜಿ ಹೇಳಿದ್ದಂತೆ. ಆಗ ಕೂಲಿ ಅಂದ್ರೆ ಭತ್ತ. ದಿನದ ಕೊನೇಲಿ ಅಂಗಳದಲ್ಲಿ ಸೆರಗು ಒಡ್ಡಿ ನಿಂತ್ಕೊಳ್ಳೋದು, ಮೇಲಿನವರು ಸೇರಲ್ಲಿ ಅಳೆದು ಹಾಕೋದು. ಅಳೆಯೋನು ಸೇರನ್ನ ಹಿಡ್ಕೊಳ್ಳುವಾಗ ಹೆಬ್ಬೆರಳನ್ನ ಒಳಗಡೆ ಬಿಟ್ಕೊಂಡಿರ್ತಿದ್ದನಂತೆ. ಹೆಬ್ಬೆರಳಿನಷ್ಟು ಭತ್ತ ಕಮ್ಮಿ. ಅಜ್ಜಿ ಇದನ್ನ ಹೇಳುವಾಗ ಒಂದು ಸ್ಟೀಲ್ ಲೋಟ ತಗೊಂಡು ಹೆಬ್ಬೆರಳು ಒಳಗೆ ಹಾಕಿ ತೋರಿಸೋರು, 'ನೋಡು ಮಗ, ಇಷ್ಟೇ, ಇಷ್ಟು ಜಾಗ' ಅಂತ. ಆಮೇಲೆ ಲೂಕನ ಸುವಾರ್ತೆಯ ಆರನೇ ಅಧ್ಯಾಯದ ಮಾತು, ಜಡಿದು ಅಲ್ಲಾಡಿಸಿ ತುಂಬಿ ಹೊರಚೆಲ್ಲೋ ಹಾಗೆ ಅಳೆದು ಸೆರಗಿಗೆ ಹಾಕ್ತಾರೆ ಅಂತ ಯೇಸು ಹೇಳೋದು. ಆ ವಾಕ್ಯ ಓದುವಾಗ ಅಜ್ಜಿ ದನಿ ಯಾವತ್ತೂ ಸ್ವಲ್ಪ ನಡುಗೋದು. ಆನಂದಪುರದಲ್ಲಿ ಅದನ್ನ ಮೊದಲ ಸಲ ಕೇಳಿದ ನಮ್ಮ ಹೆಂಗಸರಿಗೆ ಅದು ಬರೀ ಉಪಮೆ ಅಲ್ಲ ಅಂತ ನನಗನ್ಸುತ್ತೆ. ಸೆರಗು ಅವರದ್ದೇ, ಅಂಗಳ ಅವರು ನಿಂತಿದ್ದ ಅಂಗಳವೇ, ಅಳೆಯೋನು ಮಾತ್ರ ಬೇರೆ.

ಅಂಥ ಮನೆಯ ಮೊಮ್ಮಗ ನಾನು. ಬುಕ್ಕಲ್ಲಿ 47 ಅಂತ ಬರೆದಾಗ ನನ್ನ ಹೆಬ್ಬೆರಳು ಎಲ್ಲಿತ್ತು ಅಂತ ಅವತ್ತು ರಾತ್ರಿ ಕಾಣಿಸ್ತು.

ನಂಬಿಕೆಗೆ ಒತ್ತಡ ಅಂದ್ರೆ ನಾನು ಯಾವಾಗ್ಲೂ ಬೇರೆ ಏನೋ ಅಂದ್ಕೊಂಡಿದ್ದೆ. ಯಾರೋ ಬಂದು ಹೆದರಿಸ್ತಾರೆ, ಚರ್ಚ್ ಬಾಗಿಲು ಮುಚ್ಚಿಸ್ತಾರೆ, ದಾನಿಯೇಲನ ಥರ ಸಿಂಹದ ಗವಿ, ಅವತ್ತು ನಾನು ಗಟ್ಟಿಯಾಗಿ ನಿಲ್ಬೇಕು, ಅದಕ್ಕೆ ರೆಡಿ ಇರ್ಬೇಕು ಅಂತ. ಯೂತ್ ಕ್ಯಾಂಪಲ್ಲಿ ಕೈ ಎತ್ತಿ 'ನಾನು ಸಾಯೋಕೂ ರೆಡಿ' ಅಂದಿದ್ದೋನು ನಾನು. ನಿಜಕ್ಕೂ ನನ್ನ ಅಕ್ಕಪಕ್ಕದವರು ನನ್ನ ನಂಬಿಕೆಗೆ ಒಂದಿನಾನೂ ಕಷ್ಟ ಕೊಟ್ಟೋರಲ್ಲ. ನಮ್ಮ ಪಕ್ಕದ ಕೊಡವ ಕುಟುಂಬದ ಐನ್‌ಮನೆಯವರು ಪ್ರತಿ ವರ್ಷ ಹೊಸ ಭತ್ತದ ಹಬ್ಬ ಪುತ್ತರಿಗೆ ಕರೀತಾರೆ, ರಾತ್ರಿ ಗದ್ದೆಗೆ ಹೋಗ್ತೀವಿ, ಗುಂಡು ಹಾರಿಸಿ ಕದಿರು ತೆಗೀತಾರೆ, 'ಪೊಲಿ ಪೊಲಿ ದೇವಾ' ಅಂತ ಕೂಗ್ತಾರೆ, ನಾನು ಪಕ್ಕಕ್ಕೆ ನಿಂತು ಹೊಸ ಭತ್ತಕ್ಕೋಸ್ಕರ ನನ್ನ ಕರ್ತನಿಗೆ ಸ್ತೋತ್ರ ಹೇಳ್ಕೊಳ್ತೀನಿ, ಅದು ಅವರಿಗೂ ಗೊತ್ತು. ಆ ಮನೆಯ ದೊಡ್ಡಮ್ಮ ಎಡೆ ಇಡೋಕೆ ಮುಂಚೆನೇ ನಮಗೆ ಅಂತ ತಂಬುಟ್ಟು ಬೇರೆ ಬಟ್ಟಲಿಗೆ ತೆಗೆದಿಟ್ಟಿರ್ತಾರೆ. ನಾನು ಯಾವತ್ತೂ ಕೇಳಿದ್ದಲ್ಲ. ವಿಗ್ರಹಕ್ಕಿಟ್ಟ ಆಹಾರ ತಿನ್ನೋದರ ಬಗ್ಗೆ ಬೈಬಲ್‌ನಲ್ಲಿ ಪೌಲ ಕೊರಿಂಥದವರಿಗೆ ಅಷ್ಟುದ್ದ ಬರೆದಿದ್ದನ್ನ ಓದದೇನೇ ಆ ದೊಡ್ಡಮ್ಮ ನನ್ನ ಮನಸ್ಸಾಕ್ಷಿಯನ್ನ ಕಾಪಾಡಿದಾರೆ, ಅವರ ಮೇಲೆ ನನಗೆ ತುಂಬಾ ಗೌರವ.

ಭಾನುವಾರದ್ದು ಸ್ವಲ್ಪ ತಾಪತ್ರಯ ಉಂಟು, ಕುಯ್ಲು ಜೋರಿದ್ದಾಗ ಭಾನುವಾರನೂ ಕೆಲಸ ಇರುತ್ತೆ, ಬೆಳಗಿನ ಆರಾಧನೆ ಮುಗಿಸಿ ಓಡೋದು. ಮದುವೇಲಿ ಗ್ಲಾಸ್ ಕೈಗೆ ಕೊಡ್ತಾರೆ, ಬೇಡ ಅಂದ್ರೆ ಒಂದೆರಡು ಸಲ ಒತ್ತಾಯ ಮಾಡಿ ಬಿಡ್ತಾರೆ. ಅದೇನೂ ದೊಡ್ಡದಲ್ಲ.

ದೊಡ್ಡದು ಅಂದ್ರೆ ಇನ್ನೊಂದು, ಅದನ್ನೂ ಇಲ್ಲಿ ಬರೆದುಬಿಡ್ತೀನಿ. ಕಣದಲ್ಲಿ ಕಾಫಿ ಒಣಗೋಕೆ ಹಾಕಿದ ಮೇಲೆ ರಾತ್ರಿ ಕಾವಲು ಇರುತ್ತೆ, ಕಳ್ಳತನ ಜಾಸ್ತಿ ನಮ್ಮ ಕಡೆ. ವಾಚ್‌ಮನ್‌ಗಳು ಕಾಫಿ ಬೊಡ್ಡೆ ಹಾಕಿ ಬೆಂಕಿ ಮಾಡ್ಕೊಂಡಿರ್ತಾರೆ, ಚಳಿ ಇದ್ದಾಗ ನಾನೂ ಹೋಗಿ ಕೂರ್ತೀನಿ. ಅದೇ ಜನವರಿ, ಆ 'ಜೈ ಯೇಸು' ಆದ ಮೂರ್ನಾಲ್ಕು ದಿನಕ್ಕೆ, ಲೋಡ್ ತಗೊಂಡು ಹೋಗೋಕೆ ಬಂದಿದ್ದ ಒಬ್ಬ ಡ್ರೈವರ್ ಬೆಂಕಿ ಮುಂದೆ ಕೂತು ಮೊಬೈಲಲ್ಲಿ ಏನೋ ವಿಡಿಯೋ ನೋಡ್ತಾ ಶುರು ಮಾಡಿದ. ಈ ಕ್ರಿಸ್ತರೆಲ್ಲ ಬ್ರಿಟಿಷರ ಬಾಲ ಹಿಡ್ಕೊಂಡು ಬಂದೋರು, ಅಕ್ಕಿಗೋಸ್ಕರ ಹೋದೋರು, ಆ ಜಾರ್ಖಂಡಿನವರೂ ಅಷ್ಟೇ ನೋಡಿ, ಕತ್ತಲ್ಲಿ ಹಾಕ್ಕೊಂಡಿದಾರೆ ಅಂತ. ಬೆಂಕಿ ಸುತ್ತ ಆರು ಜನ ಇದ್ವಿ. ಅವನಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ, ಮಿಕ್ಕವರಿಗೆ ಗೊತ್ತಿತ್ತು. ಒಬ್ಬ ಮೆಲ್ಲಗೆ ಅಂದ, 'ನಮ್ಮ ರೈಟ್ರೂ ಚರ್ಚಿನವರೇ ಮಾರಾಯ.' ಡ್ರೈವರ್ ನನ್ನ ಮುಖ ನೋಡಿದ. ನಾನು ಕೈ ಕಾಯಿಸ್ಕೊಳ್ತಾ ಇದ್ದೆ. 'ಅಯ್ಯೋ ನಾವೆಲ್ಲ ಹೆಸರಿಗೆ ಅಷ್ಟೇ, ಅಪ್ಪ ಅಮ್ಮ ಹೋಗ್ತಿದ್ರು ಅಂತ' ಅಂದೆ. ಎಲ್ಲಾ ನಕ್ಕರು, ಮಾತು ಆನೆ ಕಡೆ ತಿರುಗ್ತು, ಹಿಂದಿನ ರಾತ್ರಿ ಬೇಲಿ ಮುರಿದಿತ್ತು.

ಅವನಿಗೆ ಹೇಳೋಕೆ ನನ್ನ ಹತ್ರ ಉತ್ತರ ಇರಲಿಲ್ಲ ಅಂತ ಅಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು, ಟಿಪ್ಪುವಿನ ಸೆರೆಯಿಂದ ತಪ್ಪಿಸ್ಕೊಂಡು ಬಂದ ಕ್ಯಾಥೊಲಿಕರಿಗೆ ಆಶ್ರಯ ಕೊಟ್ಟು ಜಾಗ ಕೊಟ್ಟಿದ್ದು ನಮ್ಮ ಕೊಡಗಿನ ರಾಜ ದೊಡ್ಡವೀರರಾಜೇಂದ್ರನೇ. ಬ್ರಿಟಿಷರು ಕೊಡಗನ್ನ ತಗೊಂಡಿದ್ದು 1834ರಲ್ಲಿ. ನಲವತ್ತೆರಡು ವರ್ಷ ಮೊದಲೇ ಈ ಮಣ್ಣಲ್ಲಿ ಗಂಟೆ ಬಾರಿಸ್ತಿತ್ತು. ಇದೆಲ್ಲ ನನಗೆ ಬಾಯಿಪಾಠ. ಅಕ್ಕಿ ವಿಷಯಕ್ಕೂ ಉತ್ತರ ಇತ್ತು, ಹೆಬ್ಬೆರಳು ಒಳಗಿಟ್ಟು ಅಳೆದವರ ಅಂಗಳದಿಂದ ನಮ್ಮವರು ಎದ್ದು ಹೋಗಿದ್ದು ಅಕ್ಕಿಗೋಸ್ಕರ ಅಲ್ಲ, ಮನುಷ್ಯರು ಅನ್ನಿಸ್ಕೊಳ್ಳೋಕೆ. ಹೋಗ್ಲಿ ಉತ್ತರ ಬೇಡ, 'ಹೌದಪ್ಪ, ನಾನು ಕ್ರೈಸ್ತ' ಅನ್ನೋ ಒಂದು ಮಾತು ಸಾಕಿತ್ತು. ಅವನು ನನ್ನನ್ನ ಹೊಡೀತಿರಲಿಲ್ಲ, ನನ್ನ ಕೆಲಸ ಹೋಗ್ತಿರಲಿಲ್ಲ. ಬೆಂಕಿ ಮುಂದೆ ಒಂದು ನಿಮಿಷ ಮುಜುಗರ ಆಗ್ತಿತ್ತು ಅಷ್ಟೇ. ಅಷ್ಟಕ್ಕೇ ಮಾರಿಬಿಟ್ಟೆ.

ಮುಂದಿನ ಬುಧವಾರ ಮನೆಕೂಟದಲ್ಲಿ ನಮ್ಮ ಅಯ್ಯನವರು, ಅಂದ್ರೆ ಸಭೆಯ ಪಾದ್ರಿಗಳು, ಯೋಹಾನನ ಸುವಾರ್ತೆ ಕೊನೇ ಅಧ್ಯಾಯ ತೆಗೆದ್ರು, ಅದು ಅವತ್ತಿನ ಪಾಠ ಅಷ್ಟೇ, ನನ್ನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ಅವರು ಹೇಳಿದ ಒಂದು ವಿಷಯ ನನಗೆ ಮೊದಲು ಗೊತ್ತಿರಲಿಲ್ಲ. ಯೇಸುವನ್ನ ಹಿಡ್ಕೊಂಡು ಹೋದ ರಾತ್ರಿ ಅವನ ಶಿಷ್ಯ ಪೇತ್ರ ಯೇಸುವನ್ನ ಗೊತ್ತೇ ಇಲ್ಲ ಅಂತ ಹೇಳಿದ್ದು ಮಹಾಯಾಜಕನ ಅಂಗಳದಲ್ಲಿ, ಚಳಿ ಇತ್ತು, ಆಳುಗಳು ಇದ್ದಲಿನ ಬೆಂಕಿ ಮಾಡ್ಕೊಂಡು ಕಾಯಿಸ್ಕೊಳ್ತಾ ಇದ್ರು, ಪೇತ್ರನೂ ಅವರ ಜೊತೆ ನಿಂತಿದ್ದ, ಇದು ಹದಿನೆಂಟನೇ ಅಧ್ಯಾಯ. ಆಮೇಲೆ ಇಪ್ಪತ್ತೊಂದರಲ್ಲಿ, ಸತ್ತು ಎದ್ದು ಬಂದ ಯೇಸು ಕೆರೆ ದಡದಲ್ಲಿ ಬೆಂಕಿ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಕೊಂಡು ಕಾಯ್ತಿರ್ತಾನೆ. ಎರಡು ಕಡೆನೂ ಗ್ರೀಕಿನಲ್ಲಿ ಒಂದೇ ಪದ, ಇದ್ದಲ ಬೆಂಕಿಗೆ ಇರೋ ಪದ, ಇಡೀ ಹೊಸ ಒಡಂಬಡಿಕೇಲಿ ಈ ಎರಡು ಜಾಗ ಬಿಟ್ರೆ ಇನ್ನೆಲ್ಲೂ ಬರಲ್ಲ ಅಂತ ಅಯ್ಯನವರು ಹೇಳಿದ್ರು. ನನ್ನ ಮೈಯೆಲ್ಲ ಜುಮ್ ಅಂತು. ಪೇತ್ರನಿಗೆ ಆ ಹೊಗೆ ವಾಸನೆ ಬಂದಾಗ ಏನಾಗಿರ್ಬೇಡ. ಯೇಸು ಅವನನ್ನ ಬೈಲಿಲ್ಲ, 'ಬನ್ನಿ, ಊಟ ಮಾಡಿ' ಅಂದ, ಹೊಟ್ಟೆ ತುಂಬಿದ ಮೇಲೆ ಮೂರು ಸಲ ಕೇಳಿದ, 'ನನ್ನನ್ನ ಪ್ರೀತಿಸ್ತೀಯಾ?' ಅಂತ. ಪ್ರೀತಿಸ್ತೀನಿ ಅಂದಾಗೆಲ್ಲ ಒಂದೇ ಮಾತು, 'ನನ್ನ ಕುರಿಗಳನ್ನ ಮೇಯಿಸು.' ನಾನು ಕೂತಲ್ಲೇ ಅತ್ತೆ, ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಏನಾಯ್ತು ಅಂತ ಕೈ ಹಿಡ್ಕೊಂಡಳು. ನನಗೆ ಕಾಣಿಸ್ತಿದ್ದಿದ್ದು ಕ್ಯಾಲೆಂಡರಲ್ಲಿದ್ದ ಕುರಿ, ಆ ಮರದ ಶಿಲುಬೆ, 49 ಅನ್ನೋ ಕೆಂಪು ನಂಬರು.

ಮನೆಗೆ ಬಂದು ಅಜ್ಜಿಯ ಸತ್ಯವೇದ, ಅಂದ್ರೆ ಬೈಬಲ್, ತೆಗೆದೆ. ಧರ್ಮೋಪದೇಶಕಾಂಡ 25ರಲ್ಲಿ ಪೆನ್ಸಿಲ್ ಗೆರೆ ಇತ್ತು, ನಿನ್ನ ಚೀಲದಲ್ಲಿ ಹೆಚ್ಚು ಕಡಿಮೆ ತೂಕದ ಕಲ್ಲು ಇರಬಾರದು ಅನ್ನೋ ಮಾತಿಗೆ. ಚೀಲದಲ್ಲಿ! ಅಜ್ಜಿ ಯಾವಾಗ ಆ ಗೆರೆ ಎಳೆದಿದ್ರೋ.

ಬೆಳಿಗ್ಗೆ ಮ್ಯಾನೇಜರ್ ಹತ್ರ ಹೋದೆ. ರಾತ್ರಿಯೆಲ್ಲ ದೊಡ್ಡ ಮಾತು ಜೋಡಿಸ್ಕೊಂಡಿದ್ದೆ, ಬಾಯಿಗೆ ಬಂದಿದ್ದು ಇಷ್ಟೇ, 'ಸರ್, ಇನ್ನು ಮೇಲೆ ಚೀಲಕ್ಕೆ ಎರಡು ಕೆ.ಜಿ. ಕಟ್ ಮಾಡಕ್ಕಾಗಲ್ಲ ನನಗೆ, ಚೀಲ ಎಷ್ಟು ತೂಗುತ್ತೋ ಅಷ್ಟೇ ಬರೀತೀನಿ.' ಯಾಕೆ ಅಂದ್ರು. ನಾನು ಕ್ರೈಸ್ತ ಸರ್, ನನಗೆ ಅದು ಪಾಪ ಅಂದೆ. ಆ ಮಾತು ಬಾಯಿಂದ ಬರುವಾಗ ಗಂಟಲು ಒಣಗಿತ್ತು, ಆದ್ರೆ ಬಂತು. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು, 'ಇಷ್ಟು ವರ್ಷ ಪಾಪ ಆಗಿರಲಿಲ್ವಾ?' ಅಂತ ಕೇಳಿದ್ರು. ಆಗಿತ್ತು ಸರ್, ನಾನು ಮಾಡ್ತಿದ್ದೆ ಅಂದೆ. ಅದಕ್ಕೆ ಅವರು ಮಾತಾಡಲಿಲ್ಲ. ಹೊರಗೆ ಹೋಗು ಅಂದ್ರು. ಎರಡು ದಿನ ತೂಕಕ್ಕೆ ಬೇರೆಯವರನ್ನ ಕೂರಿಸಿದ್ರು, ನನ್ನನ್ನ ನರ್ಸರಿಗೆ ಹಾಕಿದ್ರು. ಮನೇಲಿ ಹೆಂಡತಿ ಹತ್ರ ಹೇಳಿದೆ, ಕೆಲಸ ಹೋದ್ರೂ ಹೋಗಬಹುದು ಅಂತ, ಮಗಳ ಪಿಯುಸಿ ಫೀಸ್ ಇನ್ನೂ ಅರ್ಧ ಕಟ್ಟೋದಿತ್ತು. ಅವಳು ಅಕ್ಕಿ ಆರಿಸ್ತಾ ಇದ್ದೋಳು, ಸ್ವಲ್ಪ ಹೊತ್ತು ಸುಮ್ನೆ ಇದ್ದು, 'ಹೋದ್ರೆ ಹೋಗ್ಲಿ, ಕುಶಾಲನಗರದಲ್ಲಿ ನನ್ನ ತಮ್ಮನ ಅಂಗಡಿ ಉಂಟಲ್ಲ' ಅಂದಳು. ಅವತ್ತು ಅವಳು ಬೇರೆ ಏನಾದ್ರೂ ಅಂದಿದ್ರೆ ನಾನು ಮಾರನೇ ದಿನ ಹೋಗಿ ಮ್ಯಾನೇಜರ್ ಕಾಲು ಹಿಡೀತಿದ್ದೆನೋ ಏನೋ, ಹೇಳಕ್ಕಾಗಲ್ಲ.

ಮೂರನೇ ದಿನ ಸಂಜೆ ಕರೆಸಿದ್ರು. ತೂಕದ ಲೆಕ್ಕ ಬಟವಾಡೆ ಲೆಕ್ಕಕ್ಕೆ ತಾಳೆ ಆಗ್ತಿರಲಿಲ್ಲ, ಕೂರಿಸಿದ್ದ ಹುಡುಗನಿಗೆ ಗೊತ್ತಾಗಿಲ್ಲ. 'ಕೂತ್ಕೋ, ಒಂದು ಕೆ.ಜಿ. ಹಿಡಿ, ಅದಕ್ಕಿಂತ ಕಮ್ಮಿ ಮಾಡ್ಬೇಡ' ಅಂದ್ರು. ಒದ್ದೆ ಚೀಲ 900 ಗ್ರಾಂ ಇರುತ್ತೆ, ಒಣಗಿದ್ದು 800. ನಾನು ಒಂದು ಕೆ.ಜಿ.ಗೆ ಒಪ್ಕೋಬೇಕಿತ್ತಾ, ಬೇಡವಾಗಿತ್ತಾ, ಇವತ್ತಿಗೂ ನನ್ನೊಳಗೆ ಅದು ಕೊರೀತಾ ಇದೆ. ಅವತ್ತು ಒಪ್ಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಹತ್ತು ಖಾಲಿ ಚೀಲ ತೂಕ ಹಾಕಿ ಸರಾಸರಿ ತೆಗೆದು ಬೋರ್ಡಲ್ಲಿ ಬರೀತೀನಿ ಸರ್, ಅಷ್ಟೇ ಕಟ್ ಮಾಡ್ತೀನಿ, ನಿಮಗೂ ನಷ್ಟ ಆಗಬಾರದು ಅವರಿಗೂ ಆಗಬಾರದು ಅಂದೆ. ಅವರು ಫೈಲ್ ಕಡೆ ನೋಡ್ತಾ ಕೈ ಅಲ್ಲಾಡಿಸಿದ್ರು, ಹೋಗು ಅನ್ನೋ ಥರ. ಅಲ್ಲಿಂದ ಹಾಗೇ ನಡೀತಿದೆ. ಆ ವರ್ಷ ಎಲ್ಲರಿಗೂ ಬಂದ ಸೀಸನ್ ಬೋನಸ್ ನನಗೆ ಬರಲಿಲ್ಲ.

ಲೂಕ 19ರಲ್ಲಿ ಸುಂಕ ವಸೂಲಿಯ ಜಕ್ಕಾಯ ಅನ್ಯಾಯವಾಗಿ ತಗೊಂಡಿದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡ್ತೀನಿ ಅಂದ. ನನಗೆ ಅಷ್ಟು ಶಕ್ತಿ ಇಲ್ಲ. ಆದ್ರೆ ಕುಯ್ಲು ಮುಗಿದು ಆ ಟೀಮ್ ಊರಿಗೆ ಹೊರಡೋ ಹಿಂದಿನ ದಿನ ಲೈನ್ ಮನೆಗೆ ಹೋದೆ. ಆಕೆ ಬಟ್ಟೆ ಮೂಟೆ ಕಟ್ತಾ ಇದ್ದಳು. 200 ರೂಪಾಯಿ ಕೊಟ್ಟೆ, ಆಕೆಯ ಲೆಕ್ಕಕ್ಕೆ 150 ಚಿಲ್ಲರೆ ಆಗಿತ್ತು, ನಾನು ನಿಲ್ಲಿಸೋವರೆಗಿನ ದಿನಗಳದ್ದು. ಯಾಕೆ ಅಂತ ಕೇಳಿದಳು. ನನಗೆ ಬರೋ ಅರ್ಧಂಬರ್ಧ ಹಿಂದೀಲಿ ಹೇಳಿದೆ, ತೂಕ ತಪ್ಪು ಬರೆದಿದ್ದೆ, ಗೊತ್ತಿದ್ದೇ ಬರೆದಿದ್ದೆ ಅಂತ. ಆಕೆ ನನ್ನನ್ನ ಬಹಳ ಹೊತ್ತು ನೋಡಿದಳು. ಬೈದಿದ್ರೆ ನನಗೆ ಸುಲಭ ಆಗ್ತಿತ್ತು. ಆಮೇಲೆ ಆ ನೋಟುಗಳನ್ನ ಸಣ್ಣದಾಗಿ ಮಡಚಿ ಸೆರಗಿನ ತುದೀಲಿ ಇಟ್ಟು ಗಂಟು ಹಾಕ್ಕೊಂಡಳು, ಗಂಟನ್ನ ಎರಡು ಸಲ ಎಳೆದು ಬಿಗಿ ಮಾಡಿದಳು, ಮಾಡಿ ಕೇಳಿದಳು, 'ಔರ್ ಬಾಕಿ ಲೋಗ್?' ಮಿಕ್ಕವರದ್ದು?

ಆ ಟೀಮಿನ ಮಿಕ್ಕವರಿಗೆ ಅವತ್ತೇ ಸಂಜೆ ಕೊಟ್ಟೆ, ಹೆಂಡತಿ ಚೀಟಿ ದುಡ್ಡು ತೆಗೆದುಕೊಟ್ಟಳು. ಹಳೇ ಒಂಬತ್ತು ಸೀಸನ್‌ನವರಲ್ಲಿ ಎಷ್ಟೋ ಜನ ಅಸ್ಸಾಂ ಕಡೆಯವರು, ಎಲ್ಲೆಲ್ಲಿದಾರೋ, ಕೆಲವರು ಇಲ್ಲೇ ಅಕ್ಕಪಕ್ಕದ ತೋಟಗಳಲ್ಲಿದಾರೆ. ಹಳೇ ಬುಕ್ಕುಗಳು ಆಫೀಸಿನ ಬೀರುವಲ್ಲೇ ಇವೆ. ಮಧ್ಯಾಹ್ನ ಊಟ ಆದ್ಮೇಲೆ ಒಂದೊಂದೇ ತೆಗೆದು ಹೆಸರು, ಚೀಲದ ಲೆಕ್ಕ ಒಂದು ನೋಟ್‌ಬುಕ್ಕಲ್ಲಿ ಬರ್ಕೊಳ್ತಾ ಇದೀನಿ, ಸಿಕ್ಕೋರಿಗೆ ಸಿಕ್ಕಿದ ಹಾಗೆ ಕೊಡ್ತಾ ಇದೀನಿ. ಇಲ್ಲಿವರೆಗೆ ಹನ್ನೊಂದು ಜನ. ಈಗ 2019ರ ಬುಕ್ಕಲ್ಲಿದೀನಿ, ಫೆಬ್ರವರಿ ಪೇಜು.